ಬ್ರೈಟನ್ನಿನ ಪುಟ್ಟ 'ಟೆರಿಯರ್' ಉಗಿ ಎಂಜಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಇಂಗ್ಲೆಂಡಿನ ಬ್ರೈಟನ್ ಕಾರ್ಖಾನೆಯಲ್ಲಿ 1872ರಲ್ಲಿ ತಯಾರಾದ 'ಫೆನ್‌ಚರ್ಚ್' ಎಂಬ ಟ್ಯಾಂಕ್ ಎಂಜಿನ್ 1963ರವರೆಗೂ ದುಡಿಯಿತು. ಅದರ ಬಗ್ಗೆ, ಅದರ ಒಡಹುಟ್ಟುಗಳಾದ ಉಳಿದ 49 ಎಂಜಿನ್ನುಗಳ ಬಗ್ಗೆ ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟು ಉತ್ತರಿಸಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ಯಂತ್ರದ ಒಳಗುಟ್ಟಿನವು ಕೊನೆಗೆ.

## ಮೊದಲ ಪರಿಚಯ

ಟ್ಯಾಂಕ್ ಎಂಜಿನ್ ಅಂದರೆ ಏನು? ಯುದ್ಧದ ಟ್ಯಾಂಕಿಗೂ ಇದಕ್ಕೂ ಏನಾದರೂ ಸಂಬಂಧ ಇದೆಯೇ?

ಇಲ್ಲ. ಇಲ್ಲಿ ಟ್ಯಾಂಕ್ ಎಂದರೆ ನೀರಿನ ತೊಟ್ಟಿ. ದೂರ ಓಡುವ ಉಗಿ ಎಂಜಿನ್ನುಗಳು ನೀರು ಮತ್ತು ಕಲ್ಲಿದ್ದಲನ್ನು 'ಟೆಂಡರ್' ಎಂಬ ಬೇರೆ ಗಾಡಿಯಲ್ಲಿ ಹಿಂದೆ ಎಳೆದುಕೊಂಡು ಹೋಗುತ್ತವೆ. ಟ್ಯಾಂಕ್ ಎಂಜಿನ್ ಇವೆರಡನ್ನೂ ತನ್ನ ಮೈಮೇಲೆಯೇ ಹೊರುತ್ತದೆ. ತೊಟ್ಟಿಗಳು ಬಾಯ್ಲರಿನ ಎರಡು ಪಕ್ಕದಲ್ಲಿರಬಹುದು, ಕುದುರೆಯ ಜೀನಿನ ಹಾಗೆ ಬಾಯ್ಲರಿನ ಬೆನ್ನ ಮೇಲಿರಬಹುದು, ಇಲ್ಲವೇ ಚೌಕಟ್ಟಿನ ನಡುವೆ ಅಡಗಿರಬಹುದು. ಟೆರಿಯರಿನದು ಪಕ್ಕದ ತೊಟ್ಟಿ. ಅದರಲ್ಲಿ ಹಿಡಿಯುತ್ತಿದ್ದದ್ದು 500 ಗ್ಯಾಲನ್, ಅಂದರೆ ಸುಮಾರು 2,270 ಲೀಟರ್ ನೀರು. ನಮ್ಮ ಮನೆಗಳ ತಾರಸಿಯ ಮೇಲಿರುವ ಸಾವಿರ ಲೀಟರಿನ ಎರಡು ತೊಟ್ಟಿಗಳಿಗಿಂತ ಇದು ಸ್ವಲ್ಪ ಹೆಚ್ಚು, ಅಷ್ಟೆ. ಟೆಂಡರ್ ಇಲ್ಲದ್ದರಿಂದ ಇಂಥ ಎಂಜಿನ್ ಮುಂದಕ್ಕೂ ಹಿಂದಕ್ಕೂ ಒಂದೇ ಸಮನೆ ಓಡಬಲ್ಲದು. ಕೊನೆಯ ನಿಲ್ದಾಣದಲ್ಲಿ ಅದನ್ನು ತಿರುಗಿಸಲು ತಿರುಗುಕಟ್ಟೆ ಬೇಕಾಗಿರಲಿಲ್ಲ.

ಟೆರಿಯರ್ ಅನ್ನುವುದು ನಾಯಿಯ ತಳಿ ಅಲ್ಲವೇ? ಎಂಜಿನ್ನಿಗೆ ಆ ಹೆಸರು ಯಾಕೆ ಬಂತು?

ಅದು ಚುರುಕಾಗಿ ಬೊಗಳುವ ಪುಟ್ಟ ನಾಯಿಯ ಹೆಸರೇ. ಈ ಎಂಜಿನ್ನಿನ ಚಿಮಣಿಯಿಂದ ಹೊರಡುವ ಹಬೆಯ ಸದ್ದು ಬೊಗಳಿದಂತೆ ಕೇಳುತ್ತಿದ್ದುದರಿಂದ ಅದು ಅಡ್ಡಹೆಸರಾಗಿ ಅಂಟಿಕೊಂಡಿತು. ಲೆಕ್ಕ ಹಾಕಿ ನೋಡಿದರೆ ಹೆಸರು ಎಷ್ಟು ಒಪ್ಪುತ್ತದೆ ಎಂಬುದು ತಿಳಿಯುತ್ತದೆ. ಗಾಲಿಯ ಅಡ್ಡಳತೆ 4 ಅಡಿ ಮಾತ್ರ, ಗಾಲಿ ಒಂದು ಸುತ್ತು ಸುತ್ತುವಷ್ಟರಲ್ಲಿ ಎರಡು ಸಿಲಿಂಡರುಗಳಿಂದ ಒಟ್ಟು ನಾಲ್ಕು ಬಾರಿ ಹಬೆ ಹೊರಬೀಳುತ್ತದೆ. ಗಂಟೆಗೆ 30 ಮೈಲಿ ವೇಗದಲ್ಲಿ ಓಡುವಾಗ ಪ್ರತಿ ಸೆಕೆಂಡಿಗೆ ಸುಮಾರು 14 ಸಲ ಆ ಸದ್ದು ಬರುತ್ತದೆ. ಕಾಗದಪತ್ರಗಳಲ್ಲಿ ಈ ವರ್ಗದ ಹೆಸರು 'ಎ1', ಗಾಲಿಗಳ ಜೋಡಣೆಯ ಲೆಕ್ಕದಲ್ಲಿ 0-6-0: ಆರು ಗಾಲಿ, ಆರೂ ದುಡಿಯುವ ಗಾಲಿಗಳೇ.

ಅಷ್ಟು ಚಿಕ್ಕದಾಗಿ ಯಾಕೆ ಮಾಡಿದರು? ದೊಡ್ಡದು ಮಾಡುವ ತಾಂತ್ರಿಕತೆ ಆಗ ಇರಲಿಲ್ಲವೇ?

ತಾಂತ್ರಿಕತೆ ಇತ್ತು, ಆದರೆ ಹಳಿ ಗಟ್ಟಿಯಾಗಿರಲಿಲ್ಲ. ಲಂಡನ್, ಬ್ರೈಟನ್ ಮತ್ತು ಸೌತ್ ಕೋಸ್ಟ್ ರೈಲ್ವೆಗೆ 1870ರಲ್ಲಿ ಮುಖ್ಯ ಎಂಜಿನಿಯರಾಗಿ ಬಂದ ವಿಲಿಯಂ ಸ್ಟ್ರೌಡ್ಲಿಯ ಮುಂದೆ ಒಂದು ಸ್ಪಷ್ಟವಾದ ಸಮಸ್ಯೆಯಿತ್ತು. ದಕ್ಷಿಣ ಲಂಡನ್ನಿನ ಬಡಾವಣೆಗಳಲ್ಲಿ ಜನ ಹೆಚ್ಚುತ್ತಿದ್ದರು, ನಿಲ್ದಾಣಗಳು ಹತ್ತಿರ ಹತ್ತಿರವಿದ್ದವು, ಎಷ್ಟೋ ಕಡೆ ಹಾಸಿದ್ದದ್ದು ಭಾರ ತಡೆಯದ ಹಗುರವಾದ ಕಬ್ಬಿಣದ ಹಳಿ. ಜೊತೆಗೆ 1869ರಿಂದ ರೈಲು ಓಡತೊಡಗಿದ್ದ ಥೇಮ್ಸ್ ನದಿಯ ಕೆಳಗಿನ ಸುರಂಗ ಬೇರೆ. ಹೀಗಾಗಿ ಹಗುರವಾಗಿರಬೇಕು, ಆದರೆ ನಿಂತಲ್ಲಿಂದ ಚಂಗನೆ ಹೊರಡಬೇಕು ಎಂಬುದೇ ಅವನ ಗುರಿಯಾಯಿತು. ಚಿಕ್ಕ ಗಾಲಿ ವೇಗವನ್ನು ತಗ್ಗಿಸಿದರೂ ಎಳೆಯುವ ಬಲವನ್ನು ಹೆಚ್ಚಿಸುತ್ತದೆ. ಆರೂ ಗಾಲಿಗಳನ್ನು ಒಂದಕ್ಕೊಂದು ಸರಳಿನಿಂದ ಜೋಡಿಸಿದ್ದರಿಂದ ಎಂಜಿನ್ನಿನ ತೂಕವೆಲ್ಲ ಹಳಿಯನ್ನು ಹಿಡಿಯುವ ಕೆಲಸಕ್ಕೇ ಬಳಕೆಯಾಗುತ್ತದೆ. ಮೂಲ ರೂಪದಲ್ಲಿ ಟೆರಿಯರಿನ ತೂಕ ಸುಮಾರು 24 ಟನ್. ಸ್ಟ್ರೌಡ್ಲಿ ಇದಕ್ಕೆ ಮೊದಲು ಸ್ಕಾಟ್ಲೆಂಡಿನ ಹೈಲ್ಯಾಂಡ್ ರೈಲ್ವೆಯಲ್ಲಿದ್ದಾಗ ಇದೇ ಬಗೆಯ ಪುಟ್ಟ ಎಂಜಿನ್ನೊಂದನ್ನು ಮಾಡಿ ಕೈ ಪಳಗಿಸಿಕೊಂಡಿದ್ದ. 1872ರಿಂದ 1880ರವರೆಗೆ ಬ್ರೈಟನ್ನಿನಲ್ಲಿ 50 ಟೆರಿಯರುಗಳು ತಯಾರಾದವು.

ಆಗ ಹಗುರವಾಗಿ ಮಾಡಿದ್ದು ಅನಿವಾರ್ಯದಿಂದ. ಮುಂದೆ ಈ ಎಂಜಿನ್ನುಗಳ ಆಯಸ್ಸು ತೊಂಬತ್ತು ದಾಟುವಂತೆ ಮಾಡಿದ್ದು ಅದೇ ಹಗುರತನ. ಕೆಳಗಿನ ಅನೇಕ ಉತ್ತರಗಳು ಕೊನೆಗೆ ಈ ಮಾತಿಗೇ ಬಂದು ನಿಲ್ಲುತ್ತವೆ.

ಹಳದಿ ಬಣ್ಣ ಬಳಿದು ಅದನ್ನು ಹಸಿರು ಅಂತ ಕರೆಯುತ್ತಿದ್ದರಂತೆ, ನಿಜವೇ?

ನಿಜ. ಸ್ಟ್ರೌಡ್ಲಿಯ ಎಂಜಿನ್ನುಗಳ ಮೈಬಣ್ಣ ನಮ್ಮ ಕಣ್ಣಿಗೆ ಅರಿಸಿನಕ್ಕೆ ಸ್ವಲ್ಪ ಕಾವಿ ಬೆರೆಸಿದಂತೆ ಕಾಣುತ್ತದೆ, ಆದರೆ ಅದಕ್ಕಿದ್ದ ಹೆಸರು 'ಸುಧಾರಿತ ಎಂಜಿನ್ ಹಸಿರು'. ಅವನಿಗೆ ಬಣ್ಣಗುರುಡು ಇತ್ತೆಂದು ಹೇಳುವವರಿದ್ದಾರೆ, ಆದರೆ ಅದನ್ನು ಎಲ್ಲರೂ ಒಪ್ಪುವುದಿಲ್ಲ.

ನಮ್ಮ ಕಡೆ ಟ್ಯಾಂಕ್ ಎಂಜಿನ್ ನೋಡಲು ಸಿಗುತ್ತದೆಯೇ?

ಟೆರಿಯರ್ ಭಾರತಕ್ಕೆ ಬಂದದ್ದಲ್ಲ. ಆದರೆ ಮೈಸೂರಿನಿಂದ ಊಟಿಗೆ ಹೋದವರು ನೀಲಗಿರಿ ಬೆಟ್ಟದ ರೈಲಿನಲ್ಲಿ ಟ್ಯಾಂಕ್ ಎಂಜಿನ್ನನ್ನು ನೋಡಿರಬಹುದು. ಹಲ್ಲುಹಳಿಯ ಆ 'ಎಕ್ಸ್' ವರ್ಗದ ಎಂಜಿನ್ನುಗಳು ಮೊದಲು ಬಂದದ್ದು ಸ್ವಿಟ್ಜರ್ಲೆಂಡಿನಿಂದ. ಬ್ರಿಟನ್ನಿನದೇ ಬೇಕೆಂದರೆ ಡಾರ್ಜಿಲಿಂಗಿನ 'ಬಿ' ವರ್ಗವಿದೆ, ಅದರ ತೊಟ್ಟಿ ಬಾಯ್ಲರಿನ ಬೆನ್ನ ಮೇಲಿದೆ.

## ದಿನದ ದುಡಿಮೆ

ಬೆಳಗ್ಗೆ ಲಾರಿ ಶುರು ಮಾಡಿದ ಹಾಗೆ ತಕ್ಷಣ ಹೊರಡಿಸಲು ಆಗುತ್ತಿರಲಿಲ್ಲವೇ?

ಆಗುತ್ತಿರಲಿಲ್ಲ. ಪೂರ್ತಿ ತಣ್ಣಗಾದ ಬಾಯ್ಲರನ್ನು ಕೆಲಸಕ್ಕೆ ಬೇಕಾದ ಒತ್ತಡಕ್ಕೆ ತರಲು ಹಲವು ಗಂಟೆ ಬೇಕು, ಮತ್ತು ಅವಸರಪಡಿಸಬಾರದು. ಫೈರ್‌ಬಾಕ್ಸ್ (ಬೆಂಕಿ ಉರಿಯುವ ಪೆಟ್ಟಿಗೆ) ತಾಮ್ರದ್ದು, ಅದನ್ನು ಸುತ್ತುವರಿದ ಹೊರಗವಚ ಕಬ್ಬಿಣ ಅಥವಾ ಉಕ್ಕಿನದು. ಇವು ಬಿಸಿಯಾದಾಗ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಬೆಂಕಿಯನ್ನು ಭರಭರನೆ ಏರಿಸಿದರೆ ಇವೆರಡನ್ನು ಹಿಡಿದಿಟ್ಟಿರುವ ನೂರಾರು ಮೊಳೆಸರಳುಗಳ ಮೇಲೆ ಎಳೆತ ಬಿದ್ದು ಕಾಲಕ್ರಮದಲ್ಲಿ ಅವು ಮುರಿಯುತ್ತವೆ.

ಆದ್ದರಿಂದ ಡ್ರೈವರ್ ಮತ್ತು ಫೈರ್‌ಮನ್ ಬರುವುದಕ್ಕೆ ಎಷ್ಟೋ ಮೊದಲೇ, ಬಹುಪಾಲು ನಡುರಾತ್ರಿಯ ಹೊತ್ತಿನಲ್ಲಿ, ಶೆಡ್ಡಿನ ಬೆಂಕಿಯಾಳು ಕೆಲಸ ಶುರು ಮಾಡುತ್ತಿದ್ದ. ಮೊದಲು ಬಾಯ್ಲರಿನಲ್ಲಿ ನೀರಿದೆಯೇ ಎಂದು ನೋಡುವುದು, ಆಮೇಲೆ ಜಾಲರಿಯ ಮೇಲೆ ತೆಳುವಾಗಿ ಕಲ್ಲಿದ್ದಲು ಹರಡಿ, ಎಣ್ಣೆ ನೆನೆಸಿದ ಬಟ್ಟೆ ಮತ್ತು ಸೌದೆಯಿಂದ ಬೆಂಕಿ ಹೊತ್ತಿಸುವುದು. ಹಿಂದಿನ ದಿನ ಓಡಿದ ಎಂಜಿನ್ನಾದರೆ ಮೈ ಇನ್ನೂ ಬೆಚ್ಚಗಿರುವುದರಿಂದ ಹೊತ್ತು ಕಡಿಮೆ ಹಿಡಿಯುತ್ತಿತ್ತು. ಸಿಬ್ಬಂದಿ ಬಂದ ಮೇಲೆ ಡ್ರೈವರನ ಮುಖ್ಯ ಕೆಲಸ ಎಣ್ಣೆ ಹಾಕುವುದು. ಟೆರಿಯರಿನ ಸಿಲಿಂಡರುಗಳೂ ಅವುಗಳ ಸರಳುಗಳೂ ಚೌಕಟ್ಟಿನ ಒಳಗಿವೆ. ಹೊರಗೆ ನಿಂತು ನೋಡುವವರಿಗೆ ಎಂಜಿನ್ ಅಚ್ಚುಕಟ್ಟಾಗಿ ಕಾಣುತ್ತದೆ, ಡ್ರೈವರನಿಗೆ ಮಾತ್ರ ಹಳಿಗಳ ನಡುವಿನ ಗುಂಡಿಗಿಳಿದು, ದೀಪ ಹಿಡಿದು, ಕತ್ತು ಬಗ್ಗಿಸಿಕೊಂಡು ಒಂದೊಂದು ಎಣ್ಣೆಗಿಂಡಿಯನ್ನೂ ತುಂಬಬೇಕಾಗುತ್ತಿತ್ತು. ಒಂದನ್ನು ಮರೆತರೆ ಬೇರಿಂಗ್ ಕಾದು, ರೈಲು ನಡುದಾರಿಯಲ್ಲಿ ನಿಲ್ಲುತ್ತಿತ್ತು.

ಫೈರ್‌ಮನ್ ಅಂದರೆ ಬರೀ ಕಲ್ಲಿದ್ದಲು ಎಸೆಯುವವನು ತಾನೇ?

ಈ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ, ಏಕೆಂದರೆ ಆ ಪುಟ್ಟ ಕ್ಯಾಬಿನೊಳಗೆ ಹತ್ತು ನಿಮಿಷ ಮುಂದಿನದನ್ನು ಯೋಚಿಸುತ್ತಿದ್ದವನು ಅವನೇ. ಕಲ್ಲಿದ್ದಲು ಹಾಕಿದ ಕೂಡಲೇ ಹಬೆ ಹೆಚ್ಚುವುದಿಲ್ಲ. ಹೊಸ ಕಲ್ಲಿದ್ದಲು ಮೊದಲು ಬೆಂಕಿಯನ್ನು ತಣಿಸಿ, ಆಮೇಲೆ ಹೊತ್ತಿಕೊಳ್ಳುತ್ತದೆ. ಹೀಗಾಗಿ ಏರು ಬರುವುದಕ್ಕೆ ಮೊದಲೇ ಬೆಂಕಿ ಸಿದ್ಧವಿರಬೇಕು, ನಿಲ್ದಾಣ ಹತ್ತಿರವಾದಾಗ ಅದು ಇಳಿಯುತ್ತಿರಬೇಕು. ಲೆಕ್ಕ ತಪ್ಪಿ ಒತ್ತಡ ಹೆಚ್ಚಾದರೆ ಸುರಕ್ಷಾ ವಾಲ್ವ್ ತೆರೆದುಕೊಂಡು ಭೋರ್ಗರೆಯುತ್ತದೆ, ಕಾಸಿದ ನೀರೂ ಉರಿಸಿದ ಕಲ್ಲಿದ್ದಲೂ ಗಾಳಿಗೆ ಹೋಗುತ್ತವೆ. ಕಡಿಮೆಯಾದರೆ ಏರಿನ ನಡುವೆ ಎಂಜಿನ್ ಉಸಿರು ಬಿಡುತ್ತದೆ.

ಕಲ್ಲಿದ್ದಲನ್ನು ಎಲ್ಲಿ ಬೇಕೋ ಅಲ್ಲಿಗೇ ಬೀಳುವಂತೆ, ಮೂಲೆಗಳಿಗೆ ಸ್ವಲ್ಪ ಹೆಚ್ಚು, ನಡುವೆ ಕಡಿಮೆ, ಸಲಿಕೆಯ ಮಣಿಕಟ್ಟಿನ ತಿರುವಿನಿಂದ ಹರಡಬೇಕು. ಬೆಂಕಿಯಲ್ಲಿ ಎಲ್ಲಾದರೂ ತೂತು ಬಿದ್ದರೆ ತಣ್ಣನೆಯ ಗಾಳಿ ನೇರ ಒಳನುಗ್ಗಿ, ಬಿಸಿ ಹೊಗೆಯನ್ನು ಬಾಯ್ಲರಿನ ನೀರಿನ ನಡುವೆ ಒಯ್ಯುವ ಕೊಳವೆಗಳ ತುದಿಗೆ ಹೊಡೆದು ಅವು ಸೋರತೊಡಗುತ್ತವೆ. ಇದರ ಜೊತೆಗೆ ನೀರಿನ ಮಟ್ಟ ನೋಡುವುದು, ತನ್ನ ಕಡೆಯ ಸಿಗ್ನಲ್ ಕಂಡು ಕೂಗಿ ಹೇಳುವುದು, ಕೈ ಬ್ರೇಕ್ ಸುತ್ತುವುದು, ಬೋಗಿಗಳ ಕೊಂಡಿ ಹಾಕುವುದು ಮತ್ತು ಬಿಚ್ಚುವುದು ಎಲ್ಲವೂ ಅವನ ಪಾಲಿಗೇ. ಟೆರಿಯರಿನ ಕ್ಯಾಬ್ ಎಷ್ಟು ಇಕ್ಕಟ್ಟೆಂದರೆ ಎತ್ತರದ ಮನುಷ್ಯ ಸಲಿಕೆ ಬೀಸುವಾಗ ಮೊಣಕೈ ಎಲ್ಲಿಗೆ ತಾಗುತ್ತದೆ ಎಂಬುದನ್ನೂ ಕಲಿತುಕೊಳ್ಳಬೇಕಿತ್ತು.

ಬಾಯ್ಲರಿನಲ್ಲಿ ನೀರು ಕಡಿಮೆಯಾದರೆ ಸಿಡಿಯುತ್ತದೆಯೇ?

ಸಿಡಿಯಬಹುದು, ಆ ಭಯ ನಿಜವಾದದ್ದು. ಫೈರ್‌ಬಾಕ್ಸಿನ ಮೇಲ್ತಟ್ಟೆಯ ಮೇಲೆ ಸದಾ ನೀರು ನಿಂತಿರಬೇಕು. ನೀರು ಇಳಿದು ತಟ್ಟೆ ಬರಿದಾದರೆ ಲೋಹ ಕಾದು ಮೆತ್ತಗಾಗುತ್ತದೆ, ಒಳಗಿನ ಒತ್ತಡ ಅದನ್ನು ಕೆಳಕ್ಕೆ ಹರಿದುಹಾಕುತ್ತದೆ. ಟೆರಿಯರಿನ ಬಾಯ್ಲರ್ ಮೊದಲು ಚದರ ಅಂಗುಲಕ್ಕೆ 140 ಪೌಂಡ್, ಆಮೇಲೆ 150 ಪೌಂಡ್ ಒತ್ತಡದಲ್ಲಿ ಕೆಲಸ ಮಾಡುತ್ತಿತ್ತು. ಕಾರಿನ ಟೈರಿಗೆ ನಾವು ತುಂಬಿಸುವ ಗಾಳಿ ಸುಮಾರು 30 ಪೌಂಡ್ ಎಂಬುದನ್ನು ನೆನೆದರೆ ಅಂದಾಜು ಸಿಗುತ್ತದೆ. ನೀರಿನ ಮಟ್ಟ ತೋರಿಸಲು ಕ್ಯಾಬಿನಲ್ಲಿ ಗಾಜಿನ ಕೊಳವೆ ಇರುತ್ತದೆ. ಅದು ಕಟ್ಟಿಕೊಂಡು ಸುಳ್ಳು ಮಟ್ಟ ತೋರಿಸಬಾರದೆಂದು ಆಗಾಗ ಅದರ ನಲ್ಲಿ ತೆರೆದು ಪರೀಕ್ಷಿಸುತ್ತಾರೆ. ಕೊನೆಯ ರಕ್ಷಣೆಯೆಂದರೆ ಮೇಲ್ತಟ್ಟೆಯಲ್ಲಿ ಕೂರಿಸಿದ ಸೀಸದ ಬಿರಡೆ. ನೀರು ಇಳಿದರೆ ಸೀಸ ಕರಗಿ, ಹಬೆ ಸೀಟಿಯ ಹಾಗೆ ಬೆಂಕಿಯೊಳಕ್ಕೆ ಚಿಮ್ಮಿ ಎಚ್ಚರಿಸುತ್ತದೆ. ಆಗ ತಡಮಾಡದೆ ಬೆಂಕಿ ತೆಗೆಯಬೇಕು.

ಡ್ರೈವರ್ ಆಗಲು ಎಷ್ಟು ವರ್ಷ ಬೇಕಾಗುತ್ತಿತ್ತು?

ಶೆಡ್ಡಿಗೆ ಹುಡುಗನಾಗಿ ಸೇರಿದವನು ಮೊದಲು ಎಂಜಿನ್ ಒರೆಸುವವನು. ಮಸಿ, ಜಿಡ್ಡು ಒರೆಸುತ್ತಲೇ ಯಾವ ಭಾಗ ಎಲ್ಲಿದೆ ಎಂಬುದನ್ನು ಕೈಯಿಂದ ಕಲಿಯುತ್ತಿದ್ದ. ಅಲ್ಲಿಂದ ಫೈರ್‌ಮನ್, ಅದರಲ್ಲೂ ಮೊದಲು ಶೆಡ್ಡಿನ ಅಂಗಳದ ಕೆಲಸ, ಆಮೇಲೆ ಶಾಖಾ ಮಾರ್ಗ, ಆಮೇಲೆ ಮುಖ್ಯ ಮಾರ್ಗ. ಡ್ರೈವರ್ ಆಗುವ ಹೊತ್ತಿಗೆ ಸಾಮಾನ್ಯವಾಗಿ ಹತ್ತು, ಇಪ್ಪತ್ತು ವರ್ಷಗಳೇ ಕಳೆದಿರುತ್ತಿದ್ದವು. ಸ್ಟ್ರೌಡ್ಲಿಯ ಕಾಲದಲ್ಲಿ ಒಂದು ಎಂಜಿನ್ನನ್ನು ಒಬ್ಬ ಡ್ರೈವರನಿಗೇ ಒಪ್ಪಿಸಿ, ಅವನ ಹೆಸರನ್ನು ಕ್ಯಾಬಿನೊಳಗೆ ಬಣ್ಣದಲ್ಲಿ ಬರೆಸುತ್ತಿದ್ದರು. ತನ್ನ ಹೆಸರಿರುವ ಎಂಜಿನ್ನನ್ನು ಯಾರೂ ಹಾಳುಗೆಡವುವುದಿಲ್ಲ.

ಸಂಜೆ ಕೆಲಸ ಮುಗಿದ ಮೇಲೆ ಹಾಗೇ ನಿಲ್ಲಿಸಿ ಹೋಗುತ್ತಿದ್ದರೇ?

ಇಲ್ಲ, ದಿನದ ಅತ್ಯಂತ ಕೊಳಕು ಕೆಲಸ ಆಗಲೇ ಶುರುವಾಗುತ್ತಿತ್ತು. ಕಲ್ಲಿದ್ದಲಿನ ಕಲ್ಮಶ ಕರಗಿ ಜಾಲರಿಗೆ ಅಂಟಿದ ಕಿಟ್ಟವನ್ನು ಉದ್ದನೆಯ ಕಬ್ಬಿಣದ ಸರಳಿನಿಂದ ಒಡೆದು, ಕೆಂಪಗೆ ಕಾದ ಸಲಿಕೆಯಲ್ಲಿ ಎತ್ತಿ, ಕ್ಯಾಬಿನ ಮೂಲಕವೇ ಹೊರಕ್ಕೆ ಎಸೆಯಬೇಕಿತ್ತು. ಅಡಿಯ ಬೂದಿತಟ್ಟೆ ಖಾಲಿ ಮಾಡಿ, ಮುಂದಿನ ಹೊಗೆಪೆಟ್ಟಿಗೆಯ ಬಾಗಿಲು ತೆರೆದು ಅಲ್ಲಿ ಸೇರಿದ ಬೂದಿಯನ್ನೂ ತೆಗೆದು, ಕಲ್ಲಿದ್ದಲು ಮತ್ತು ನೀರು ತುಂಬಿಸಿ, ಬಾಯ್ಲರಿನ ನೀರನ್ನು ಬೆಳಗಿಗಾಗಿ ಮೇಲ್ಮಟ್ಟದವರೆಗೆ ಏರಿಸಿ ನಿಲ್ಲಿಸುತ್ತಿದ್ದರು.

ಒಂದೆರಡು ವಾರಕ್ಕೊಮ್ಮೆ ಬಾಯ್ಲರನ್ನು ತಣಿಸಿ, ತೊಳೆಯುವ ಬಿರಡೆಗಳನ್ನೆಲ್ಲ ಬಿಚ್ಚಿ ನೀರು ಹಾಯಿಸುತ್ತಿದ್ದರು. ಬಚ್ಚಲುಮನೆಯ ಹಂಡೆಯ ತಳದಲ್ಲಿ ಸುಣ್ಣದ ಪದರ ಕಟ್ಟುವುದನ್ನು ಕಂಡವರಿಗೆ ಇದು ಏಕೆ ಬೇಕೆಂದು ಹೇಳಬೇಕಾಗಿಲ್ಲ. ಆ ಪದರ ದಪ್ಪವಾದಷ್ಟೂ ಬೆಂಕಿಯ ಶಾಖ ನೀರಿಗೆ ತಲುಪದೆ ಲೋಹವನ್ನೇ ಸುಡುತ್ತದೆ.

## ಬದುಕಿನ ತಿರುವುಗಳು

ಲಂಡನ್ನಿಗಾಗಿಯೇ ಮಾಡಿದ ಎಂಜಿನ್ನುಗಳನ್ನು ಲಂಡನ್ನಿನಿಂದಲೇ ಯಾಕೆ ತೆಗೆದುಹಾಕಿದರು?

ರೈಲುಗಳು ಉದ್ದವಾದವು, ಬೋಗಿಗಳು ಭಾರವಾದವು. ಆಮೇಲೆ ಎಲೆಕ್ಟ್ರಿಕ್ ಟ್ರಾಮ್‌ಗಳು ಪ್ರಯಾಣಿಕರನ್ನು ಸೆಳೆದುಕೊಂಡವು. 1909ರ ಡಿಸೆಂಬರ್ 1ರಂದು, ಟೆರಿಯರುಗಳು ಓಡಾಡಿದ್ದ ದಕ್ಷಿಣ ಲಂಡನ್ ಮಾರ್ಗವೇ ವಿದ್ಯುತ್ತಿಗೆ ತಿರುಗಿತು. ಅಷ್ಟರೊಳಗೆ ಎಷ್ಟೋ ಟೆರಿಯರುಗಳು ಮಾರಾಟವಾಗಿದ್ದವು, ಕೆಲವು ಗುಜರಿಗೆ ಹೋಗಿದ್ದವು. ಉಳಿದವಕ್ಕೆ 1905ರಿಂದ ಒಂದು ಹೊಸ ಕೆಲಸ ಸಿಕ್ಕಿತು: ಬೋಗಿಯ ಇನ್ನೊಂದು ತುದಿಯಲ್ಲೂ ಡ್ರೈವರನ ಕೋಣೆ ಇಟ್ಟು, ಒಂದು ದಿಕ್ಕಿಗೆ ಎಳೆಯುತ್ತಾ ಇನ್ನೊಂದು ದಿಕ್ಕಿಗೆ ತಳ್ಳುತ್ತಾ ಓಡುವ ಚಿಕ್ಕ ರೈಲುಗಳು. ತಳ್ಳುವಾಗ ಡ್ರೈವರ್ ಮುಂದಿನ ತುದಿಯಲ್ಲಿರುತ್ತಿದ್ದ, ಎಂಜಿನ್ನಿನ ಮೇಲೆ ಫೈರ್‌ಮನ್ ಒಬ್ಬನೇ.

ಫೆನ್‌ಚರ್ಚ್ ರೈಲ್ವೆಯನ್ನು ಬಿಟ್ಟು ಬಂದರಿಗೆ ಹೋಗಿತ್ತಂತೆ?

1898ರಲ್ಲಿ ಅದನ್ನು ನ್ಯೂಹೇವನ್ ಬಂದರಿನ ಕಂಪನಿ ಕೊಂಡಿತು. ಪ್ರಯಾಣಿಕರ ಬದಲು ಸರಕು ವ್ಯಾಗನ್ನುಗಳು, ನಿಲ್ದಾಣಗಳ ಬದಲು ಹಡಗುಕಟ್ಟೆ. ಅಲ್ಲಿನ ಪಶ್ಚಿಮ ದಂಡೆಗೆ ಹೋಗುವ ಹಳಿ ಒಂದು ತಿರುಗುವ ಸೇತುವೆಯನ್ನು ದಾಟುತ್ತಿತ್ತು, ಅದರ ಮೇಲೆ ಭಾರದ ಎಂಜಿನ್ನುಗಳಿಗೆ ಅವಕಾಶವಿರಲಿಲ್ಲ. 1920ರ ದಶಕದಲ್ಲಿ, ಬ್ರೈಟನ್ ರೈಲ್ವೆಯನ್ನೂ ಒಳಗೊಂಡಿದ್ದ ಇಂಗ್ಲೆಂಡಿನ ಸದರ್ನ್ ರೈಲ್ವೆ ಬಂದರನ್ನು ವಹಿಸಿಕೊಂಡಾಗ ಫೆನ್‌ಚರ್ಚ್ ಮತ್ತೆ ರೈಲ್ವೆಯ ಲೆಕ್ಕಕ್ಕೆ ಬಂತು. 1948ರಲ್ಲಿ ರೈಲ್ವೆಗಳು ರಾಷ್ಟ್ರೀಕರಣಗೊಂಡು ಬ್ರಿಟಿಷ್ ರೈಲ್ವೇಸ್ ಆದ ಮೇಲೆ ಅದರ ಸಂಖ್ಯೆ 32636.

1960ರ ದಶಕದವರೆಗೂ ಇಷ್ಟು ಹಳೆಯ ಎಂಜಿನ್ನನ್ನು ಯಾಕೆ ಉಳಿಸಿಕೊಂಡರು? ಹೊಸದು ಕೊಳ್ಳಲು ಹಣ ಇರಲಿಲ್ಲವೇ?

ಹಣಕ್ಕಿಂತ ದೊಡ್ಡ ಕಾರಣ ಒಂದು ಮರದ ಸೇತುವೆ. ಹ್ಯಾಂಪ್‌ಶೈರಿನ ಹಾವಂಟ್ ಪಟ್ಟಣದಿಂದ ಹೇಲಿಂಗ್ ದ್ವೀಪಕ್ಕೆ ಸುಮಾರು ನಾಲ್ಕೂವರೆ ಮೈಲಿಯ ಶಾಖಾ ಮಾರ್ಗವಿತ್ತು. 1867ರಿಂದ ಪ್ರಯಾಣಿಕರನ್ನು ಸಾಗಿಸುತ್ತಿದ್ದ ಆ ಮಾರ್ಗ ಲ್ಯಾಂಗ್‌ಸ್ಟನ್ ಹಿನ್ನೀರನ್ನು ಮರದ ಕಂಬಗಳ ಉದ್ದನೆಯ ಸೇತುವೆಯ ಮೇಲೆ ದಾಟುತ್ತಿತ್ತು. ನಡುವೆ ದೋಣಿಗಳಿಗಾಗಿ ತಿರುಗಿ ದಾರಿ ಬಿಡುವ ಒಂದು ಭಾಗವೂ ಇತ್ತು. ಆ ಸೇತುವೆ ತಾಳುವಷ್ಟು ಹಗುರವಾದ ಎಂಜಿನ್ ಬ್ರಿಟಿಷ್ ರೈಲ್ವೇಸ್ ಬಳಿ ಇದ್ದದ್ದು ಟೆರಿಯರ್ ಮಾತ್ರ. ಬೇಸಿಗೆಯ ಶನಿವಾರ, ಭಾನುವಾರಗಳಲ್ಲಿ ಕಡಲತೀರಕ್ಕೆ ಹೋಗುವ ಜನ ಕಿಕ್ಕಿರಿದು ತುಂಬುತ್ತಿದ್ದರು, ಎಂಬತ್ತು ವರ್ಷ ದಾಟಿದ ಎಂಜಿನ್ನುಗಳು ಹಗಲಿಡೀ ಅವರನ್ನು ಹೊತ್ತು ತಿರುಗುತ್ತಿದ್ದವು. ಕೆಂಡದ ಕಿಡಿ ಹಾರಿ ಬೆಂಕಿ ಬೀಳಬಾರದೆಂದು ಅವುಗಳ ಚಿಮಣಿಗೆ ಕಿಡಿತಡೆಯ ಟೊಪ್ಪಿಗೆ ಹಾಕಿದ್ದರು. ಹಳೆಯ ಛಾಯಾಚಿತ್ರಗಳಲ್ಲಿ ಕಾಣುವ ಆ ಒರಟು ಆಕಾರ ಅದೇ.

ಕೊನೆಗೆ ಮುಪ್ಪು ಬಂದದ್ದು ಸೇತುವೆಗೆ. ಅದರ ದುರಸ್ತಿಗೆ ಹಾಕಿದ ಅಂದಾಜು ಆ ಪುಟ್ಟ ಮಾರ್ಗ ಎಂದೂ ದುಡಿದುಕೊಡಲಾರದಷ್ಟು ದೊಡ್ಡದಾಗಿತ್ತು. 1963ರ ನವೆಂಬರ್ 2ರ ಶನಿವಾರ ವೇಳಾಪಟ್ಟಿಯ ಕೊನೆಯ ರೈಲು ಓಡಿತು, ಮರುದಿನ ವಿದಾಯದ ವಿಶೇಷ ರೈಲು. ಆ ಹೊತ್ತಿಗೆ ಫೆನ್‌ಚರ್ಚ್ ಬ್ರಿಟಿಷ್ ರೈಲ್ವೇಸ್‌ನಲ್ಲಿ ದುಡಿಯುತ್ತಿದ್ದ ಎಂಜಿನ್ನುಗಳಲ್ಲೇ ಅತಿ ಹಳೆಯದಾಗಿತ್ತು.

ಟೆರಿಯರ್ ಹೋದ ಕಡೆಯೆಲ್ಲ ಗೆದ್ದಿತೇ? ನಿಮ್ಮ ಮಾತು ಕೇಳಿದರೆ ಹಾಗನ್ನಿಸುತ್ತದೆ.

ಇಲ್ಲ. 1903ರಲ್ಲಿ ತೆರೆದ ಲೈಮ್ ರೀಜಿಸ್ ಶಾಖಾ ಮಾರ್ಗಕ್ಕೆಂದು ಲಂಡನ್ ಅಂಡ್ ಸೌತ್ ವೆಸ್ಟರ್ನ್ ರೈಲ್ವೆ ಎರಡು ಟೆರಿಯರುಗಳನ್ನು ಕೊಂಡಿತು. ಅಲ್ಲಿನ ಕಡಿದಾದ ಏರು ಮತ್ತು ಬಿಗಿಯಾದ ತಿರುವುಗಳಲ್ಲಿ ಬೇಸಿಗೆಯ ಜನದಟ್ಟಣೆಯನ್ನು ಎಳೆಯಲು ಅವುಗಳ ಶಕ್ತಿ ಸಾಲಲಿಲ್ಲ. ಕೆಲವೇ ವರ್ಷಗಳಲ್ಲಿ ಬೇರೆ ಬಗೆಯ ಟ್ಯಾಂಕ್ ಎಂಜಿನ್ನುಗಳು ಅವುಗಳ ಜಾಗಕ್ಕೆ ಬಂದವು. ಮಿತಿ ಎಲ್ಲಿದೆ ಎಂಬುದನ್ನು ಅಂಕಿಯೇ ಹೇಳುತ್ತದೆ: 12 ಅಂಗುಲದ ಸಿಲಿಂಡರ್ ಮತ್ತು 150 ಪೌಂಡ್ ಒತ್ತಡದಲ್ಲಿ ಟೆರಿಯರಿನ ಎಳೆತದ ಬಲ 7,650 ಪೌಂಡ್. 1929ರಿಂದ ತಯಾರಾದ ಗ್ರೇಟ್ ವೆಸ್ಟರ್ನ್ ರೈಲ್ವೆಯ ಟ್ಯಾಂಕ್ ಎಂಜಿನ್ನಿಗೂ ಆರೇ ಗಾಲಿ, ಆದರೆ ಅದರ ಬಲ 22,515 ಪೌಂಡ್.

## ಆಳಕ್ಕೆ ಇಳಿಯುವವರಿಗೆ

ಹಬೆಯನ್ನು ಮತ್ತೆ ತೊಟ್ಟಿಗೇ ಬಿಡುತ್ತಿದ್ದರು ಅಂತ ಓದಿದೆ. ಅದರಿಂದ ಏನು ಲಾಭ?

ಲಾಭ ಎರಡು. ಸುರಂಗದಲ್ಲಿ ಹಬೆ ತುಂಬಿ ಉಸಿರುಗಟ್ಟದಂತೆ ತಡೆಯುವುದು ಒಂದು. ವ್ಯರ್ಥವಾಗಿ ಹೋಗುವ ಶಾಖದಿಂದ ತೊಟ್ಟಿಯ ನೀರನ್ನು ಮೊದಲೇ ಕಾಯಿಸಿ ಕಲ್ಲಿದ್ದಲು ಉಳಿಸುವುದು ಇನ್ನೊಂದು. ಸ್ಟ್ರೌಡ್ಲಿಗೆ ಈ ಉಳಿತಾಯದ ಮೇಲೆ ಬಹಳ ನಂಬಿಕೆಯಿತ್ತು.

ಆದರೆ ಇದರಿಂದ ಒಂದು ತೊಡಕು ಹುಟ್ಟಿತು. ಬಾಯ್ಲರಿನ ಒತ್ತಡದ ಎದುರು ನೀರನ್ನು ಒಳನುಗ್ಗಿಸಲು ಸಾಮಾನ್ಯವಾಗಿ ಬಳಸುವುದು ಇಂಜೆಕ್ಟರ್. ಅದರೊಳಗೆ ಹಬೆಯ ಧಾರೆ ತಣ್ಣೀರಿಗೆ ತಗುಲಿ ತಾನೇ ನೀರಾಗಿ, ತನ್ನ ವೇಗವನ್ನು ಆ ನೀರಿಗೆ ಕೊಡುತ್ತದೆ, ಆ ವೇಗವೇ ಬಾಯ್ಲರಿನ ತಡೆವಾಲ್ವನ್ನು ತಳ್ಳಿ ತೆರೆಯುತ್ತದೆ. ತೊಟ್ಟಿಯ ನೀರು ಬಿಸಿಯಾಗಿದ್ದರೆ ಹಬೆ ಸರಿಯಾಗಿ ನೀರಾಗದೆ ಇಂಜೆಕ್ಟರ್ ಕೈಕೊಡುತ್ತದೆ. ಆದ್ದರಿಂದ ಸ್ಟ್ರೌಡ್ಲಿ ಪಿಸ್ಟನ್ನಿನ ಸರಳಿಗೆ ಸೇರುವ ಕ್ರಾಸ್‌ಹೆಡ್ಡಿನಿಂದ ನಡೆಯುವ ಪಂಪುಗಳನ್ನಿಟ್ಟ. ಪಂಪಿಗೆ ಬಿಸಿನೀರೂ ಒಂದೇ, ತಣ್ಣೀರೂ ಒಂದೇ, ಆದರೆ ಎಂಜಿನ್ ಚಲಿಸುತ್ತಿದ್ದರೆ ಮಾತ್ರ ಅದು ದುಡಿಯುತ್ತದೆ. ನಿಂತಲ್ಲೇ ನೀರು ಕಡಿಮೆಯಾದರೆ ಎಂಜಿನ್ನನ್ನು ಬಿಡಿಸಿಕೊಂಡು ಹಿಂದೆ ಮುಂದೆ ಓಡಾಡಿಸಬೇಕು. ಮುಂದಿನ ವರ್ಷಗಳಲ್ಲಿ ಈ ಏರ್ಪಾಡು ಹೋಗಿ ಇಂಜೆಕ್ಟರುಗಳೇ ಬಂದವು.

ನೀರು ಖರ್ಚಾದ ಹಾಗೆ ಎಂಜಿನ್ ಹಗುರವಾಗುತ್ತದಲ್ಲ, ಗಾಲಿ ಜಾರುವುದಿಲ್ಲವೇ?

ಜಾರುವ ಸಾಧ್ಯತೆ ಹೆಚ್ಚುತ್ತದೆ, ಇದು ಟ್ಯಾಂಕ್ ಎಂಜಿನ್ನುಗಳ ಹುಟ್ಟುಗುಣ. ತುಂಬಿದ ತೊಟ್ಟಿಯಲ್ಲಿ ಎರಡು ಟನ್ನಿಗಿಂತ ಹೆಚ್ಚು ನೀರಿರುತ್ತದೆ, ಅದು ಖಾಲಿಯಾದರೆ ಒಟ್ಟು ತೂಕದ ಹನ್ನೆರಡರಲ್ಲಿ ಒಂದು ಭಾಗದಷ್ಟು ಹಿಡಿತ ಹೋದಂತೆ. ತೇವದ ಹಳಿಯ ಮೇಲೆ ಡ್ರೈವರ್ ಸಿಲಿಂಡರುಗಳಿಗೆ ಹಬೆ ಬಿಡುವ ರೆಗ್ಯುಲೇಟರನ್ನು ಮೆಲ್ಲಗೆ ತೆರೆದು, ಬೇಕಾದರೆ ಗಾಲಿಯ ಮುಂದೆ ಮರಳು ಬಿಡುತ್ತಿದ್ದ.

ಎ1 ಮತ್ತು ಎ1ಎಕ್ಸ್ ಬೇರೆ ಬೇರೆ ಎಂಜಿನ್ನುಗಳೇ?

ಒಂದೇ ಎಂಜಿನ್ನಿನ ಎರಡು ರೂಪ. 1911ರಿಂದ ಕೆಲವು ಟೆರಿಯರುಗಳಿಗೆ ಹೊಸ ಬಾಯ್ಲರ್ ಕೂರಿಸಿ, ಹೊಗೆಪೆಟ್ಟಿಗೆಯನ್ನು ಮುಂದಕ್ಕೆ ಉದ್ದ ಮಾಡಿದರು, ಅವೇ ಎ1ಎಕ್ಸ್. ತೂಕ 28 ಟನ್ ದಾಟಿತು. ಮೂತಿ ಗಿಡ್ಡವಾಗಿದ್ದರೆ ಎ1, ಮುಂದೆ ಚಾಚಿದ್ದರೆ ಎ1ಎಕ್ಸ್ ಎಂದು ಗುರುತಿಸಬಹುದು.

ಈಗ ಎಷ್ಟು ಉಳಿದಿವೆ, ಎಲ್ಲಿವೆ?

ಐವತ್ತರಲ್ಲಿ ಹತ್ತು ಉಳಿದಿವೆ. ಫೆನ್‌ಚರ್ಚ್ ಮತ್ತು 1875ರ 'ಸ್ಟೆಪ್ನಿ' ಸಸೆಕ್ಸಿನ ಬ್ಲೂಬೆಲ್ ರೈಲ್ವೆಗೆ ಸೇರಿವೆ. 1960ರ ಮೇ ತಿಂಗಳಲ್ಲಿ ಬಂದ ಸ್ಟೆಪ್ನಿ ಆ ರೈಲ್ವೆಯ ಮೊದಲ ಎಂಜಿನ್. 1880ರ 'ಬಾಕ್ಸ್‌ಹಿಲ್' ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂನ ಸಂಗ್ರಹದಲ್ಲಿದೆ, 'ವ್ಯಾಡನ್' ಕೆನಡಾದ ಕ್ವಿಬೆಕ್‌ನಲ್ಲಿದೆ. ನನಗೆ ಹೆಚ್ಚು ಇಷ್ಟವಾದ ಕಥೆಗಳು ಐಲ್ ಆಫ್ ವೈಟ್ ದ್ವೀಪದ ಎರಡರದು. 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕ ಪಡೆದ 'ಬ್ರೈಟನ್' 1902ರಲ್ಲಿ ಆ ದ್ವೀಪಕ್ಕೆ ಮಾರಾಟವಾಯಿತು, ಆಮೇಲೆ ಮುಖ್ಯ ಭೂಮಿಗೆ ಮರಳಿ ದುಡಿಯಿತು, ರಜೆಯ ಶಿಬಿರವೊಂದರಲ್ಲಿ ಮಕ್ಕಳ ನೋಟಕ್ಕೆ ನಿಂತಿತು, 1970ರ ದಶಕದಲ್ಲಿ ದ್ವೀಪಕ್ಕೇ ವಾಪಸಾಯಿತು. ಮೇಲೆ ಹೇಳಿದ ಲೈಮ್ ರೀಜಿಸ್‌ನ ಜೋಡಿಯಲ್ಲಿ ಒಂದಾದ 'ನ್ಯೂಯಿಂಗ್ಟನ್' ಹೇಲಿಂಗ್‌ನಲ್ಲಿ ಪಬ್ಬೊಂದರ ಮುಂದೆ 1966ರಿಂದ 1979ರವರೆಗೆ ಮಳೆ ಬಿಸಿಲಿಗೆ ಒಡ್ಡಿಕೊಂಡು ನಿಂತಿತ್ತು. ಅದನ್ನೂ ಐಲ್ ಆಫ್ ವೈಟ್ ದ್ವೀಪಕ್ಕೆ ಒಯ್ದು, ದುರಸ್ತಿ ಮಾಡಿ ಮತ್ತೆ ಓಡಿಸಿದರು.

150 ವರ್ಷದ ಎಂಜಿನ್ ಅನ್ನುತ್ತೀರಿ, ಅದರಲ್ಲಿ ಮೂಲದ್ದು ಏನು ಉಳಿದಿದೆ?

ಇದು ನ್ಯಾಯವಾದ ಪ್ರಶ್ನೆ. ಉಗಿ ಎಂಜಿನ್ನಿನ ಬಾಯ್ಲರ್ ಅದರ ಜೊತೆ ಹುಟ್ಟಿ ಜೊತೆ ಸಾಯುವ ಭಾಗವಲ್ಲ. ಕಾರ್ಖಾನೆಗೆ ಬಂದಾಗ ಸವೆದ ಬಾಯ್ಲರನ್ನು ಇಳಿಸಿ, ಸಿದ್ಧವಿರುವ ಬೇರೊಂದನ್ನು ಏರಿಸಿ ಕಳಿಸುತ್ತಿದ್ದರು, ಇಳಿಸಿದ್ದು ದುರಸ್ತಿಯಾಗಿ ಮತ್ತೊಂದು ಎಂಜಿನ್ನಿಗೆ ಹೋಗುತ್ತಿತ್ತು. ಗಾಲಿಗಳ ಉಕ್ಕಿನ ಪಟ್ಟಿ, ಬೇರಿಂಗುಗಳು, ಕೊಳವೆಗಳು, ಫೈರ್‌ಬಾಕ್ಸ್ ಎಲ್ಲವೂ ಸವೆದು ಬದಲಾಗುವಂಥವು. ಹಾಗಾಗಿ ಎಂಜಿನ್ನಿನ ಗುರುತನ್ನು ಚೌಕಟ್ಟಿನ ಜೊತೆ ಇಡುವುದು ರೂಢಿ. ಇಂದಿಗೂ ಬ್ರಿಟನ್ನಿನ ಪರಂಪರೆಯ ರೈಲ್ವೆಗಳಲ್ಲಿ ಬಾಯ್ಲರನ್ನು ಪ್ರತಿ ವರ್ಷ ತಜ್ಞರು ಪರೀಕ್ಷಿಸುತ್ತಾರೆ, ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಅದನ್ನು ಚೌಕಟ್ಟಿನಿಂದ ಎತ್ತಿ, ಕೊಳವೆಗಳನ್ನೆಲ್ಲ ಕಿತ್ತು ಒಳಗನ್ನು ನೋಡುತ್ತಾರೆ. ಆ ಕೆಲಸ ಮಾಡುವವರಲ್ಲಿ ಬಹಳ ಮಂದಿ ಸಂಬಳವಿಲ್ಲದೆ ವಾರದ ರಜೆಯಲ್ಲಿ ಬರುವವರು. ಹೊಸಬರಿಗೆ ಅಲ್ಲಿ ಮೊದಲು ಕೊಡುವುದು ಒರೆಸುವ ಬಟ್ಟೆಯನ್ನೇ.